ಹೋದಾಗ, ಹೋದರೆ: ಒಂದು ಕಾರ್ಡಿನ ವ್ಯಾಕರಣ

ಯು-ಗಿ-ಓ ಎಂಬ ಜಪಾನಿನ ಕಾರ್ಡ್ ಆಟದಲ್ಲಿ ಪೀಟನ್ ಎಂಬ ಕೋಡಂಗಿಯ ಕಾರ್ಡೊಂದಿದೆ. ಅದರ ಮೇಲಿನ ಇಂಗ್ಲಿಷಿನ ಸಾರ ಇಷ್ಟು: ಈ ಕಾರ್ಡು ಸ್ಮಶಾನಕ್ಕೆ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಗೆ, ಹೋದಾಗ ನೀವು ಇದನ್ನು ಆಟದಿಂದಲೇ ಹೊರಗಿಟ್ಟು ಇನ್ನೊಬ್ಬ ಪೀಟನ್‌ನನ್ನು ಕರೆಸಿಕೊಳ್ಳಬಹುದು.

ಕಳೆದ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಮಗ ಪೀಟನ್‌ನನ್ನು ಬಲಿ ಕೊಟ್ಟು ದೊಡ್ಡ ರಾಕ್ಷಸನೊಬ್ಬನನ್ನು ಇಳಿಸಿದ. ಆಮೇಲೆ ಎರಡನೇ ಪೀಟನ್‌ಗೆ ಕೈ ಹಾಕಿದ. ಎದುರು ಕೂತ ಗೆಳೆಯ ಒಪ್ಪಲಿಲ್ಲ. "ಅಕ್ಕ, ನೀನೇ ಓದು. ಸ್ಮಶಾನಕ್ಕೆ ಹೋಗಿದೆ ತಾನೇ?" ಪಿಎಚ್‌.ಡಿ ಮಾಡುವವಳು ಓದಿ ಹೇಳಿದರೆ ಸರಿಯೇ ಇರಬೇಕೆಂಬ ನಂಬಿಕೆ. ಓದಿದೆ, ತಮ್ಮನ ಪರ ತೀರ್ಪು ಕೊಟ್ಟೆ. ತಪ್ಪು ತೀರ್ಪು.

ಈ ಆಟದಲ್ಲಿ 'ವೆನ್' ಮತ್ತು 'ಯು ಕ್ಯಾನ್' ಒಟ್ಟಿಗೆ ಬಂದರೆ, ಹೇಳಿದ ಘಟನೆಯೇ ಆ ಕ್ಷಣದ ಕೊನೆಯ ಘಟನೆಯಾಗಿರಬೇಕು. ಬಲಿಯಲ್ಲಿ ಪೀಟನ್ ಮೊದಲು ಸ್ಮಶಾನಕ್ಕೆ ಹೋಗುತ್ತಾನೆ, ರಾಕ್ಷಸ ಆಮೇಲೆ ಬರುತ್ತಾನೆ. ಕೊನೆಗೆ ನಡೆದದ್ದು ರಾಕ್ಷಸನ ಆಗಮನ, ಆದ್ದರಿಂದ ಪೀಟನ್‌ನ ಹೊತ್ತು ಮೀರಿತು. ಕಾಳಗದಲ್ಲಿ ಸತ್ತಿದ್ದರೆ ತೊಂದರೆಯಿರಲಿಲ್ಲ. ಅದೇ ಜಾಗದಲ್ಲಿ 'ಇಫ್' ಇದ್ದಿದ್ದರೆ ನಡುವೆ ಏನು ನಡೆದರೂ ಅವಕಾಶ ಉಳಿಯುತ್ತಿತ್ತು. ಜಪಾನಿಯಲ್ಲಿ 'ತೊಕಿ' ಮತ್ತು 'ಬಾಆಯ್' ಎಂಬ ಪದಗಳ ನಡುವೆ ಇದೇ ಭೇದವಿದೆ.

ತಪ್ಪನ್ನು ಒಪ್ಪಿಕೊಂಡಾಗ ತಮ್ಮ ಕೇಳಿದ್ದು ಒಂದೇ: "ಹಾಗಾದ್ರೆ ಕಾರ್ಡಲ್ಲೇ ಯಾಕೆ ಬರೆದಿಲ್ಲ?"

ವಿಮರ್ಶೆಯ ಪ್ರಶ್ನೆಯೂ ಅದೇ ಅನ್ನಿಸುತ್ತದೆ. ಬರೆಯುವವರು ಸೋಮಾರಿಗಳಲ್ಲ. 2011ರಲ್ಲಿ ಕೊನಾಮಿ ಇಂಗ್ಲಿಷ್ ಕಾರ್ಡುಗಳ ಗದ್ಯವನ್ನೇ ಹೊಸದಾಗಿ ಕಟ್ಟಿತು. ಕೋಲನ್ನಿನ ಹಿಂದಿರುವುದು ಕಾರ್ಡನ್ನು ಯಾವಾಗ ಚಲಾಯಿಸಬಹುದು ಎಂಬುದು. ಸೆಮಿಕೋಲನ್ನಿನ ಹಿಂದಿರುವುದು ಚಲಾಯಿಸುವಾಗಲೇ ತೆರಬೇಕಾದ ಬೆಲೆ, ಇಲ್ಲವೇ ಆರಿಸಬೇಕಾದ ಗುರಿ. ಅದರ ಮುಂದಿರುವುದು ಪರಿಣಾಮ. ಎದುರಾಳಿ ಪರಿಣಾಮವನ್ನು ತಡೆದರೂ ತೆತ್ತ ಬೆಲೆ ವಾಪಸ್ ಬರುವುದಿಲ್ಲ. ಇಷ್ಟೆಲ್ಲವನ್ನೂ ಎರಡು ಚಿಹ್ನೆಗಳೇ ಹೇಳಿಬಿಡುತ್ತವೆ. ಇಷ್ಟು ಕೆಲಸ ಮಾಡುವ ಸೆಮಿಕೋಲನ್ನನ್ನು ನಾನು ಯಾವ ಪ್ರಬಂಧದಲ್ಲೂ ಕಂಡಿಲ್ಲ, ನನ್ನದರಲ್ಲಂತೂ ಇಲ್ಲವೇ ಇಲ್ಲ.

ಈ ಚಿಹ್ನೆಗಳು ಗೆದ್ದದ್ದಕ್ಕೆ ಕಾರಣವಿದೆ. ಸೆಮಿಕೋಲನ್ನಿಗೆ ಹುಡುಗನ ಮನಸ್ಸಿನಲ್ಲಿ ಮೊದಲೇ ಬೇರೂರಿದ ಅರ್ಥವಿಲ್ಲ. ಅದನ್ನು ಕಂಡೊಡನೆ ಇಲ್ಲೇನೋ ಕಲಿಯಬೇಕಿದೆ ಎಂದು ಗೊತ್ತಾಗುತ್ತದೆ. 'ವೆನ್' ಹಾಗಲ್ಲ. ಅದು ಮನೆಯ ಮಾತು, ಓದುಗ ನಂಬಿಕೊಂಡೇ ಬರುತ್ತಾನೆ. ಅದರಲ್ಲೂ ದಿನದ ಮಾತಿನಲ್ಲಿ 'ಮಳೆ ಬಂದಾಗ' ಎಂದರೆ ಬರುವುದು ಖಂಡಿತ, 'ಬಂದರೆ' ಎಂದರೆ ಅನುಮಾನ. ಇಲ್ಲಿ ಉಲ್ಟಾ: 'ಹೋದಾಗ' ಜಿಪುಣ, 'ಹೋದರೆ' ಧಾರಾಳಿ. ಹಾಗಾಗಿ ಸರಿಯಾಗಿ ಓದಿದವನೇ ಸೋಲುತ್ತಾನೆ, ಮೊದಲೇ ಗೊತ್ತಿದ್ದವನು ಗೆಲ್ಲುತ್ತಾನೆ. ಪಠ್ಯವೊಂದು ತನ್ನ ಓದುಗನಿಗೆ ಮಾಡುವ ಈ ಅನ್ಯಾಯವನ್ನು 'ಆಟದ ನಿಯಮ ಹಾಗಿದೆ' ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕನ್ನಡದಲ್ಲಿ ಮೂರನೆಯದೊಂದು ರೂಪವಿದೆಯಲ್ಲ, 'ಹೋದೊಡನೆ'. ಪೀಟನ್‌ಗೆ ಬೇಕಾದದ್ದು ಹೆಚ್ಚುಕಡಿಮೆ ಅದೇ. ಇಂಗ್ಲಿಷಿನಲ್ಲೂ ಒಂದು ಹೆಚ್ಚಿನ ಪದ ಸಾಕಿತ್ತು. ಜಾಗ ಸಾಲದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ, ಪೀಟನ್‌ನ ಮೇಲೆ ಬೇಕಾದಷ್ಟು ಜಾಗವಿದೆ. ಶಬ್ದಮಣಿದರ್ಪಣದ ಸೂತ್ರಗಳನ್ನು ಬರೆದ ಕೇಶಿರಾಜ ವೃತ್ತಿಯನ್ನೂ ತಾನೇ ಬರೆದ, ಸೂತ್ರವನ್ನು ಒಂಟಿಯಾಗಿ ಬಿಡಲಿಲ್ಲ. ಕಾರ್ಡಿನ ವೃತ್ತಿಯಾದರೋ ಕಾರ್ಡಿನಲ್ಲಿಲ್ಲ, ತೀರ್ಪುಗಾರರ ತಲೆಯಲ್ಲಿದೆ.

ತಮ್ಮ ಪೀಟನ್‌ನ ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರ್‌ನಲ್ಲಿ 'ಒಡನೆ' ಎಂದು ಬರೆದುಕೊಂಡಿದ್ದಾನೆ. ಗುರುತು ಮಾಡಿದ ಕವರು ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ ಎಂದು ಅವನ ಗೆಳೆಯ ಆಗಲೇ ಹೇಳಿಯೂ ಆಗಿದೆ.