ಗರತಿಯ ಹಾಡು: ಮೂರು ಸಾಲಿನ ಚಿತ್ರ

ಹಲಸಂಗಿ ಗೆಳೆಯರ ಬಳಗ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ತ್ರಿಪದಿಗಳ ಸಂಕಲನ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹುಟ್ಟಿದ ಈ ಪದಗಳನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಸಂಗ್ರಹಿಸಿದರು. ಅವುಗಳ ಭಾವವನ್ನು ಮೆಚ್ಚಿದವರು ಬಹಳ. ಕಟ್ಟಣೆಯ ಜಾಣ್ಮೆಯೂ ಅಷ್ಟೇ ಗಮನಕ್ಕೆ ಅರ್ಹ.

ತ್ರಿಪದಿಗೆ ಹನ್ನೊಂದು ಗಣ: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಕಥೆ ಹೇಳಲು ಇಷ್ಟು ಜಾಗ ಸಾಲದು. ಒಂದು ನೋಟ ನಿಲ್ಲಿಸಲು ಸಾಕು. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಳ್ಳುವುದರಿಂದ ಕಿವಿ ಅಲ್ಲಿ ತಡೆದು ನಿಲ್ಲುತ್ತದೆ. ಗಿಡ್ಡ ಮೂರನೆಯ ಸಾಲು ಅರ್ಥವನ್ನು ಬಿಚ್ಚುತ್ತದೆ. ಕೂಸಿರುವ ಮನೆಯ ಪ್ರಸಿದ್ಧ ಪದದಲ್ಲಿ ಮೊದಲು ಕಾಣುವುದು ಬೀಸಣಿಕೆ, ಅದೂ ಬೇಡವೆಂಬ ಮಾತಿನೊಡನೆ. ಕೂಸು ಒಳಹೊರಗೆ ಸುಳಿದಾಗಲೇ ಗಾಳಿ ಬೀಸುತ್ತದೆ. ಮಗುವಿನ ಮುಖ, ಮೈಬಣ್ಣ ಯಾವುದೂ ಇಲ್ಲ. ಓಡಾಟವೊಂದೇ ಮನೆ ತುಂಬುತ್ತದೆ. ತಾಯಿ ತನ್ನ ಸುಖದ ಹೆಸರೆತ್ತುವುದಿಲ್ಲ.

ವಸ್ತುವಿನಿಂದ ವ್ಯಕ್ತಿಯನ್ನು ಸೂಚಿಸುವ ಈ ಕ್ರಮ ಜಪಾನಿನ ಮರದಚ್ಚಿನ ಚಿತ್ರಗಳಲ್ಲೂ ಉಂಟು. ಚಿತ್ರಕಾರ ಹಿರೋಶಿಗೆ 1857ರಲ್ಲಿ ಎಡೋ ನಗರದ ಚಿತ್ರಮಾಲೆಗಾಗಿ ರಚಿಸಿದ ಒಂದು ಚಿತ್ರದಲ್ಲಿ ಬಿಳಿ ಬೆಕ್ಕು ಕಿಟಕಿಯಲ್ಲಿ ಕುಳಿತಿದೆ. ಸರಳುಗಳಾಚೆ ದೂರದಲ್ಲಿ ಜಾತ್ರೆಯ ಜನ, ಫೂಜಿ ಬೆಟ್ಟ. ಕೋಣೆಯ ಹೆಣ್ಣು ಕಾಣುವುದಿಲ್ಲ. ನೆಲದ ಮೇಲಿನ ಮುಡಿಪಿನ್ನುಗಳು, ಕಿಟಕಿಯಲ್ಲಿಟ್ಟ ಬಟ್ಟಲು ಮತ್ತು ವಸ್ತ್ರ ಅವಳ ಇರವನ್ನು ಹೇಳುತ್ತವೆ. ಎರಡೂ ಕಲೆಗಳು ದಿನಬಳಕೆಯ ವಸ್ತುವಿನ ಮೇಲೆ ಭರವಸೆ ಇಟ್ಟಿವೆ. ಹಿರೋಶಿಗೆ ಕಣ್ಣಿಗೆ ದೂರವನ್ನು ತೋರಿಸಿದರೆ, ತ್ರಿಪದಿ ತವರಿನ ದೂರವನ್ನು ದನಿಯಲ್ಲಿ ಕೇಳಿಸುತ್ತದೆ.

ತವರು, ತೊಟ್ಟಿಲು, ಬೀಸುಕಲ್ಲು, ಮಲ್ಲಿಗೆ ಈ ಹಾಡುಗಳ ಲೋಕದ ಮುಖ್ಯ ಸಂಕೇತಗಳು. ತವರು ಬರಿಯ ಊರಲ್ಲ: ಅಣ್ಣನ ಬರವು, ಹಬ್ಬದ ಕರೆ, ಅತ್ತೆಮನೆಯಲ್ಲಿ ಆಡಲಾಗದ ಮಾತು ಎಲ್ಲವೂ ಅದರೊಳಗಿವೆ. ಬೀಸುಕಲ್ಲು ದುಡಿಮೆಯೂ ಹೌದು, ಗುಟ್ಟು ಕೇಳುವ ಗೆಳತಿಯೂ ಹೌದು. ಕೈಗೆ ತಾಗುವ ಇಂಥ ವಸ್ತುಗಳಿರುವ ಪದಗಳೇ ಸಂಕಲನದ ಬಲ. ಮುತ್ತು, ಹವಳ, ಬಂಗಾರ ಪೋಣಿಸಿದ ಹೊಗಳಿಕೆಯ ಪದಗಳಲ್ಲಿ ಸಂಕೇತ ಸವೆದು ಬರಿಯ ಅಲಂಕಾರವಾಗಿದೆ.

ಪುಸ್ತಕಕ್ಕೊಂದು ಮಿತಿಯೂ ಇದೆ. ಕಲ್ಲಿನ ಸುತ್ತು, ಧಾಟಿ, ಇಬ್ಬರು ಕೂಡಿ ಎತ್ತುವ ದನಿ ಅಚ್ಚಿನಲ್ಲಿ ಉಳಿಯವು. ಆದರೂ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಆ ರಚನೆಗಳನ್ನು ಅಭ್ಯಾಸಕ್ಕೆ ಒದಗಿಸಿದ್ದು ಈ ಅಚ್ಚೇ. ಕನ್ನಡದಲ್ಲಿ ಸಂಕ್ಷೇಪದ ಕಲೆಯನ್ನು ಕಲಿಯಬೇಕೆನ್ನುವವರು ‘ಗರತಿಯ ಹಾಡ’ನ್ನು ಭಾವಗೀತೆಯಂತೆ ಮಾತ್ರವಲ್ಲ, ಚಿತ್ರದಂತೆಯೂ ಓದಬೇಕು.