ವಕೀಲನ ಹಿರಿಮೆ ಎಲ್ಲಿದೆ? ಗಾಂಧೀಜಿಯವರ ಆತ್ಮಕಥೆಯ ವಕೀಲಿ ಅಧ್ಯಾಯಗಳು

ಒಂದೇ ಶಾಸ್ತ್ರವನ್ನು ಓದಿ, ಒಂದೇ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಒಂದೇ ನ್ಯಾಯಾಲಯದಲ್ಲಿ ವಾದಿಸುವ ಇಬ್ಬರು ವಕೀಲರು ಒಂದೇ ಬಗೆಯವರಾಗಿರುವುದಿಲ್ಲ. ಒಬ್ಬರ ಕೈಗೆ ಬಿದ್ದ ವ್ಯಾಜ್ಯ ಬೆಳೆಯುತ್ತದೆ. ಇನ್ನೊಬ್ಬರ ಕೈಗೆ ಬಿದ್ದದ್ದು ಮುಗಿಯುತ್ತದೆ. ಈ ಅಂತರದ ಮೂಲವನ್ನು ಅರಸುವವರಿಗೆ ಮಹಾತ್ಮ ಗಾಂಧಿಯವರ ಆತ್ಮಕಥೆ ಉತ್ತಮ ಆಧಾರ. 1925ರಿಂದ 1929ರವರೆಗೆ ‘ನವಜೀವನ’ದಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದಿಂದ ಕನ್ನಡಿಗರಿಗೂ ಪರಿಚಿತವಾಗಿದೆ. ಇದನ್ನು ವ್ರತ-ಉಪವಾಸಗಳ ಗ್ರಂಥವೆಂದು ಓದುವುದು ರೂಢಿ. ಆದರೆ ಇದರ ವಕೀಲಿ ಅಧ್ಯಾಯಗಳು ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿವೆ.

1891ರ ಜೂನ್ 10ರಂದು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದ ತರುಣನಿಗೆ ಇದ್ದುದು ಭಯ. ಫಿರೋಜ್ ಷಾ ಮೆಹತಾರಂಥವರ ಸ್ಮರಣಶಕ್ತಿ ತನಗಿಲ್ಲವೆಂಬ ಅಳುಕಿನಲ್ಲಿದ್ದ ಆತನಿಗೆ ಫ್ರೆಡರಿಕ್ ಪಿಂಕಟ್ ಎಂಬ ಹಿರಿಯರು ಧೈರ್ಯ ಹೇಳಿದರು: ಸಾಮಾನ್ಯ ವಕೀಲನಾಗಲು ಅಸಾಮಾನ್ಯ ಪ್ರತಿಭೆ ಬೇಡ, ಪ್ರಾಮಾಣಿಕತೆ ಮತ್ತು ಪರಿಶ್ರಮ ಸಾಕು. ಆದರೆ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಪಾಟೀಸವಾಲಿಗೆ ನಿಂತಾಗ ಬಾಯಿಯೇ ಹೊರಡಲಿಲ್ಲ; ಪಡೆದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಬೇಕಾಯಿತು. ಪ್ರಾಮಾಣಿಕತೆಯೊಂದೇ ವಕೀಲನನ್ನು ಮಾಡಲಾರದೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಮುಂಬಯಿಯಲ್ಲಿ ದಲ್ಲಾಳಿಗೆ ಕಮಿಷನ್ ಕೊಡಲೊಪ್ಪದ ಅದೇ ವ್ಯಕ್ತಿ, ರಾಜಕೋಟೆಯಲ್ಲಿ ಅಣ್ಣನ ಒತ್ತಾಯಕ್ಕೆ ಮಣಿದು ಆ ನಿಯಮವನ್ನು ಸಡಿಲಿಸಿದ್ದನ್ನೂ ಕೃತಿ ಮುಚ್ಚಿಡುವುದಿಲ್ಲ.

ಪರಿಶ್ರಮದ ನಿಜವಾದ ಅರ್ಥ ತಿಳಿಯುವುದು ದಕ್ಷಿಣ ಆಫ್ರಿಕಾದಲ್ಲಿ. 1893ರಲ್ಲಿ ದಾದಾ ಅಬ್ದುಲ್ಲಾ ಕಂಪೆನಿಯ ಕರೆಯ ಮೇಲೆ ಅಲ್ಲಿಗೆ ಹೋದಾಗ ಗಾಂಧೀಜಿಯವರಿಗೆ ‘ಪಿ. ನೋಟ್’ ಎಂದರೆ ಪ್ರಾಮಿಸರಿ ನೋಟು ಎಂಬುದೂ ತಿಳಿದಿರಲಿಲ್ಲ. 40,000 ಪೌಂಡುಗಳ ದಾವೆ ನಿಂತಿದ್ದುದೇ ಲೆಕ್ಕಪತ್ರಗಳ ಮೇಲೆ. ಅವರು ಲೆಕ್ಕ ಬರೆಯುವ ಕ್ರಮದ ಪುಸ್ತಕವೊಂದನ್ನು ಕೊಂಡು ಓದಿದರು; ಕಕ್ಷಿದಾರನ ವಹಿಗಳನ್ನು ಶೋಧಿಸಿದರು. ನ್ಯಾಯದ ಮುಕ್ಕಾಲು ಪಾಲು ಸಂಗತಿಗಳಲ್ಲೇ ಇದೆಯೆಂಬ ಅರಿವು ಅಲ್ಲಿ ದೃಢವಾಯಿತು. ಪ್ರತಿವಾದಿ ತಯಬ್ ಸೇಠ್ ವಾದಿಗೆ ಬಂಧು. ಉಭಯತರೂ ಒಂದೇ ಊರಿನವರು. ಏರುತ್ತಿದ್ದ ವಕೀಲರ ಶುಲ್ಕ ಇಬ್ಬರನ್ನೂ ನುಂಗುವಂತಿತ್ತು. ಗಾಂಧೀಜಿ ಇಬ್ಬರನ್ನೂ ಮಧ್ಯಸ್ಥಿಕೆಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಸುಮಾರು 37,000 ಪೌಂಡು ಮತ್ತು ಖರ್ಚನ್ನು ಒಮ್ಮೆಗೇ ಕೊಡಬೇಕಾಗಿದ್ದರೆ ಸೋತವರು ದಿವಾಳಿಯಾಗುತ್ತಿದ್ದರು. ಆದುದರಿಂದ ದೀರ್ಘಾವಧಿಯ ಕಂತುಗಳಿಗೆ ಗೆದ್ದವರನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತೆಂದು ಕೃತಿ ತಿಳಿಸುತ್ತದೆ. ಗೆದ್ದ ಮೇಲೂ ತನ್ನ ಕಕ್ಷಿದಾರನಿಗೆ ಮಿತಿಯನ್ನು ಬೋಧಿಸುವ ವಕೀಲರು ವಿರಳ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದು ಮೊಕದ್ದಮೆಯಲ್ಲಿ ಎದುರಾಯಿತು. ಲೆಕ್ಕತಜ್ಞರ ಮಧ್ಯಸ್ಥಿಕೆಯ ತೀರ್ಮಾನ ಪೂರ್ಣವಾಗಿ ಕಕ್ಷಿದಾರನ ಪರವಾಗಿತ್ತು. ಆದರೆ ಒಂದು ಬಾಬು ಕಣ್ತಪ್ಪಿನಿಂದ ಖರ್ಚಿನ ಭಾಗಕ್ಕೆ ಬದಲಾಗಿ ಜಮಾ ಭಾಗಕ್ಕೆ ಸೇರಿತ್ತು. ಕಕ್ಷಿದಾರನಿಗೆ ಹಾನಿಯಾಗುವುದನ್ನು ವಕೀಲ ಒಪ್ಪಿಕೊಳ್ಳಬೇಕಾಗಿಲ್ಲವೆಂಬುದು ಹಿರಿಯ ವಕೀಲರ ಮತ. ತಪ್ಪನ್ನು ಒಪ್ಪಲೇಬೇಕೆಂಬುದು ಗಾಂಧೀಜಿಯವರ ನಿಲುವು. ಕಕ್ಷಿದಾರನ ಸಮ್ಮತಿ ಪಡೆದು ಅವರೇ ವಾದಿಸಿದರು. ಮೊದಲು ಇದರಲ್ಲಿ ಕುಯುಕ್ತಿಯಿದೆಯೇ ಎಂದು ಶಂಕಿಸಿದ ನ್ಯಾಯಪೀಠವು ತಪ್ಪನ್ನು ತಿದ್ದಿ ತೀರ್ಮಾನವನ್ನು ಎತ್ತಿಹಿಡಿಯಿತು. ಇಲ್ಲಿ ಗಮನಿಸಬೇಕಾದ ಅಂಶ ಆ ಸಮ್ಮತಿ. ಕಕ್ಷಿದಾರನ ಸ್ವತ್ತನ್ನು ಪಣಕ್ಕಿಟ್ಟು ಸ್ವಂತ ಸತ್ಯವ್ರತವನ್ನು ನಡೆಸಲು ವಕೀಲನಿಗೆ ಅಧಿಕಾರವಿಲ್ಲ; ಕಕ್ಷಿದಾರನನ್ನು ಆ ಸತ್ಯಕ್ಕೆ ಒಪ್ಪಿಸುವುದೇ ಅವನ ಕರ್ತವ್ಯ.

ಕೃತಿಯ ಒಂದು ಕೊರತೆಯನ್ನೂ ಹೇಳಬೇಕು. ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಪಾರ್ಸಿ ರುಸ್ತುಂಜಿಯವರಿಗೆ ಗಾಂಧೀಜಿ ಎಲ್ಲವನ್ನೂ ಒಪ್ಪಿಕೊಳ್ಳಲು ಸೂಚಿಸಿದರು. ಒಪ್ಪಿಕೊಂಡ ಮೊತ್ತದ ಎರಡರಷ್ಟನ್ನು ತೆತ್ತ ಮೇಲೆ ಪ್ರಕರಣ ರಾಜಿಯಾಯಿತು. ರುಸ್ತುಂಜಿ ಈ ವೃತ್ತಾಂತವನ್ನು ಬರೆಯಿಸಿ, ಚೌಕಟ್ಟು ಹಾಕಿಸಿ, ವಾರಸುದಾರರಿಗೂ ಸಹವರ್ತಕರಿಗೂ ಎಚ್ಚರಿಕೆಯಾಗಲೆಂದು ತಮ್ಮ ಕಚೇರಿಯಲ್ಲಿ ತೂಗುಹಾಕಿದರು. ಪ್ರಸಂಗ ಹೃದ್ಯವಾದುದೇ. ಆದರೆ ಅಧಿಕಾರಿಗಳಿಗೆ ಪರಿಚಿತರಾದ ವಕೀಲರಿಲ್ಲದ ಬಡ ವ್ಯಾಪಾರಿಗೂ ಇದೇ ದಯೆ ದೊರೆಯುತ್ತಿತ್ತೇ ಎಂಬ ಪ್ರಶ್ನೆಯನ್ನು ಅಧ್ಯಾಯ ಎತ್ತುವುದಿಲ್ಲ.

ಆ ಪ್ರಶ್ನೆಗೆ ಉತ್ತರದ ಸುಳಿವು ಕೃತಿಯ ಬೇರೊಂದೆಡೆ, ಬಾಲಸುಂದರಂ ಪ್ರಕರಣದಲ್ಲಿದೆ. 1894ರಲ್ಲಿ ನೆಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾದ ಹೊಸದರಲ್ಲಿ, ಧಣಿಯ ಹೊಡೆತದಿಂದ ಎರಡು ಹಲ್ಲು ಮುರಿದ ಆ ತಮಿಳು ಕರಾರು ಕೂಲಿ ಗಾಂಧೀಜಿಯವರಲ್ಲಿಗೆ ಬಂದನು. ಕರಾರನ್ನು ಮುರಿದು ಹೊರಟುಹೋದರೆ ಸೆರೆಮನೆ ಅವನ ಪಾಲಿಗೆ. ಇಲ್ಲಿಯೂ ಗಾಂಧೀಜಿ ಬಯಸಿದ್ದು ಧಣಿಯ ಶಿಕ್ಷೆಯನ್ನಲ್ಲ, ಕೂಲಿಯ ಬಿಡುಗಡೆಯನ್ನು. ಆದರೆ ಅವರು ಮೊದಲು ವೈದ್ಯರ ಪ್ರಮಾಣಪತ್ರ ಪಡೆದರು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಿದರು, ಧಣಿಗೆ ಸಮನ್ಸ್ ಹೊರಡುವಂತೆ ಮಾಡಿದರು. ಆ ಬಳಿಕವೇ ಧಣಿಯೊಡನೆ ಮಾತುಕತೆ ನಡೆದು ಕರಾರು ಬೇರೊಬ್ಬನಿಗೆ ವರ್ಗವಾಯಿತು. ಸಮಬಲರಾದ ಇಬ್ಬರು ವರ್ತಕರ ನಡುವೆ ಸ್ನೇಹದ ಮಾತು ಸಾಕು. ಬಲಹೀನನ ಪಾಲಿಗೆ ಕಾನೂನಿನ ಬಲ ಮೊದಲು ಬೇಕು, ರಾಜಿ ಅನಂತರ. ಈ ಕ್ರಮವನ್ನು ಮರೆತ ರಾಜಿ ಬಲಿಷ್ಠನಿಗೆ ಶರಣಾದಂತೆಯೇ ಸರಿ. ಗಾಂಧೀಜಿಯವರನ್ನು ಕೇವಲ ರಾಜಿಪ್ರಿಯ ವಕೀಲರೆಂದು ಹೊಗಳುವವರು ಈ ಅಧ್ಯಾಯವನ್ನು ತಯಬ್ ಸೇಠರ ಅಧ್ಯಾಯದ ಜೊತೆಯಲ್ಲಿಟ್ಟು ಓದುವುದು ಉಚಿತ.

ಈ ವಿವೇಚನೆ ಸಂಸ್ಥೆಗಳ ಧರ್ಮದರ್ಶಿಗಳಿಗೂ ಸಲ್ಲುತ್ತದೆ. ಸಮ್ಮೇದ ಶಿಖರಜಿಯ ಬಗ್ಗೆ ಉಭಯ ಸಂಪ್ರದಾಯಗಳ ವ್ಯಾಜ್ಯ 1933ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲಿ ತೀರ್ಪು ಕಂಡ ಮೇಲೂ ಕೊನೆಗೊಳ್ಳಲಿಲ್ಲವೆಂಬುದು ಇತಿಹಾಸ. ಶ್ರಾವಕರ ದಾನದ ಹಣದಿಂದ ವಕೀಲರನ್ನು ನೇಮಿಸುವಾಗ ಅವರು ಗೆದ್ದ ಮೊಕದ್ದಮೆಗಳ ಸಂಖ್ಯೆಯನ್ನಷ್ಟೇ ವಿಚಾರಿಸಿದರೆ ಸಾಲದು. ಕಡತವನ್ನು ಸ್ವತಃ ಓದುವರೇ, ನಮ್ಮ ಲೆಕ್ಕದಲ್ಲಿನ ದೋಷವನ್ನು ನಮಗೇ ತೋರಿಸುವರೇ, ಎದುರು ಪಕ್ಷದವರು ಸಮಬಲರೋ ದುರ್ಬಲರೋ ಎಂಬುದನ್ನು ಗಮನಿಸಿ ಸಲಹೆ ನೀಡುವರೇ ಎಂದೂ ಕೇಳಬೇಕು. ಅಂಥ ವಕೀಲರು ದೊರೆತಾಗ ಅವರ ಅಪ್ರಿಯವಾದ ಮಾತನ್ನು ಕೇಳುವ ಸಹನೆ ಕಕ್ಷಿದಾರರಲ್ಲಿಯೂ ಇರಬೇಕಾಗುತ್ತದೆ.