ಮುಚ್ಚಳದಡಿಯ ಹುಡ್

1963ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನಕ್ಕೆ ಬಂದ ಮರ್ಸಿಡಿಸ್ ಬೆಂಜ್ 230 ಎಸ್‌ಎಲ್ ಕಾರಿಗೆ ‘ಪಗೋಡ’ ಎಂಬ ಅಡ್ಡಹೆಸರು ಬಂದದ್ದು ಅದರ ಲೋಹದ ಚಾವಣಿಯಿಂದ. ನಡುವೆ ತಗ್ಗಿ, ಎರಡೂ ಬದಿ ಎದ್ದು ನಿಂತ ಆ ಚಾವಣಿಯನ್ನು ಎತ್ತಿ ತೆಗೆದಿಡಬಹುದು. ಮಳೆಬಿಸಿಲಿಗೆಂದು ಬೇರೆಯೇ ಒಂದು ಕ್ಯಾನ್ವಾಸ್ ಹುಡ್ ಇದೆ. ಅದು ಸೀಟುಗಳ ಹಿಂದೆ, ಲೋಹದ ಮುಚ್ಚಳದಡಿ ಮಡಚಿಕೊಂಡಿರುತ್ತದೆ. ಮುಚ್ಚಳ ಹಾಕಿದರೆ ಹುಡ್ ಇದೆಯೆಂಬ ಸುಳಿವೂ ಸಿಗದು. ವಿನ್ಯಾಸಕ ಪಾಲ್ ಬ್ರಾಕ್ ಬರೆದ ಗೆರೆಗಳು ಇಷ್ಟು ಚೊಕ್ಕಟವಾಗಿ ಕಾಣುವುದರಲ್ಲಿ ಈ ಮುಚ್ಚಳದ ಪಾಲು ದೊಡ್ಡದು. ಹುಡ್ ಹಾಳಾಗುವುದರಲ್ಲೂ ಅದರ ಪಾಲು ಅಷ್ಟೇ ದೊಡ್ಡದು ಎನ್ನುವುದು ನನ್ನ ಆಕ್ಷೇಪ.

ಲೋಹದ ಚಾವಣಿ ಭಾರದ್ದು. ಇಳಿಸಲು ಇಬ್ಬರು ಬೇಕು. ಹಾಗಾಗಿ ಎಷ್ಟೋ ಕಾರುಗಳಲ್ಲಿ ಅದು ವರ್ಷಗಟ್ಟಲೆ ಕೂತಲ್ಲೇ ಕೂತಿರುತ್ತದೆ, ಕೆಳಗೆ ಹುಡ್ ಮಡಚಿದಲ್ಲೇ ಇರುತ್ತದೆ. ಕೊನೆಗೊಂದು ದಿನ ಬಿಚ್ಚಿದರೆ ಮುಂದಿನ ಲಾಕ್‌ಗಳು ಗಾಜಿನ ಚೌಕಟ್ಟಿಗೆ ಕೂರುತ್ತವೆ, ಹಿಂದಿನ ಕಮಾನು ಮಾತ್ರ ಮುಚ್ಚಳಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. 1971ರಿಂದ 1989ರವರೆಗೆ ತಯಾರಾದ ಮುಂದಿನ ಎಸ್‌ಎಲ್‌ನಲ್ಲೂ ಇದೇ ಏರ್ಪಾಟು, ಇದೇ ತಾಪತ್ರಯ.

ಹುಡ್ ಬಟ್ಟೆ ಒಂದೇ ಪದರದ್ದಲ್ಲ. ಹೊರಗೆ ನೇಯ್ದ ಬಟ್ಟೆ, ನಡುವೆ ನೀರು ತಡೆಯುವ ರಬ್ಬರ್, ಒಳಗೆ ಮತ್ತೊಂದು ಬಟ್ಟೆ, ಹಲವೆಡೆ ಹತ್ತಿಯದು. ಹತ್ತಿಯ ನೂಲು ತೇವ ಹೀರಿದರೆ ಉಬ್ಬಿ ದಪ್ಪವಾಗುತ್ತದೆ. ಎಳೆಗಳು ಒಂದನ್ನೊಂದು ಹಾಯುವಾಗ ಇನ್ನಷ್ಟು ಬಳುಕಬೇಕಾಗುತ್ತದೆ; ಆ ಬಳುಕಿಗೆ ಬೇಕಾದ ಉದ್ದ ಬಟ್ಟೆಯಿಂದಲೇ ಹೋಗುತ್ತದೆ. ಖಾದಿ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ ಎಂದು ದರ್ಜಿ ಹೇಳುವುದೂ ಇದಕ್ಕೇ. ಚೌಕಟ್ಟಿನ ಮೇಲೆ ಬಿಗಿದ ಹುಡ್ ಒಣಗುವಾಗ ಕುಗ್ಗಲು ಹೋದರೂ ಚೌಕಟ್ಟು ಬಿಡುವುದಿಲ್ಲ. ಮಡಚಿಟ್ಟದ್ದಕ್ಕೆ ಆ ಹಿಡಿತವಿಲ್ಲ. ಪ್ರತಿ ಚಳಿಗಾಲದ ತೇವಕ್ಕೂ ಇಷ್ಟಿಷ್ಟೇ ಕುಗ್ಗಿ ಅಲ್ಲೇ ನೆಲೆಯಾಗುತ್ತದೆ.

ಆಸ್ನಾಬ್ರುಕ್‌ನ ಕಾರ್ಮನ್ ಕಾರ್ಖಾನೆ 1949ರಿಂದ 1980ರವರೆಗೆ ಕಟ್ಟಿದ ಬೀಟಲ್ ಕ್ಯಾಬ್ರಿಯೊಲೆಯನ್ನು ಇದರ ಪಕ್ಕ ನಿಲ್ಲಿಸಿ ನೋಡಬೇಕು. ಮೆತ್ತೆ ತುಂಬಿದ ಅದರ ದಪ್ಪ ಹುಡ್ ಮಡಚಿದಾಗ ಹಿಂದೆ ಗೋಪುರದಂತೆ ಎದ್ದು ಕೂರುತ್ತದೆ, ಹಿಂದಿನ ನೋಟಕ್ಕೂ ಅಡ್ಡ. ಚೆಲುವಿನಲ್ಲಿ ಪಗೋಡಕ್ಕೆ ಸಾಟಿಯಿಲ್ಲ. ಆದರೆ ಬೀಟಲ್‌ನ ಹುಡ್ಡನ್ನು ಮರೆಯುವುದು ಯಾರಿಗೂ ಸಾಧ್ಯವಿಲ್ಲ. ಕಾರು ನಿಲ್ಲಿಸಿದವರು ಹುಡ್ ಎಳೆದೇ ಹೋಗಬೇಕು.

ಕುಗ್ಗಿದ ಹುಡ್‌ಗೆ ಜನ ಮಾಡುವ ಚಿಕಿತ್ಸೆಗಳಲ್ಲಿ ಅತಿ ಕೆಟ್ಟದ್ದು ಬಲಪ್ರಯೋಗ. ಇಬ್ಬರು ಕಮಾನನ್ನು ಒತ್ತಿ ಹಿಡಿದು ಮೂರನೆಯವರು ಲಾಕ್ ತಿರುಗಿಸಿದರೆ ಮುಚ್ಚಿಕೊಳ್ಳಲೂಬಹುದು. ಆದರೆ ಹಳೆಯ ಹುಡ್‌ನಲ್ಲಿ ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆಯ ದಾರ. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಸುತ್ತ ಪಿಸಿಯುತ್ತದೆ, ಇಲ್ಲವೇ ಕಮಾನೇ ಬಾಗುತ್ತದೆ. ಹೀಟ್ ಗನ್ ಹಿಡಿಯುವುದೂ ಅಷ್ಟೇ ಅವಿವೇಕ: ಬಟ್ಟೆ ಸಡಿಲವಾಗುವ ಮೊದಲೇ ಆ ಕಿಟಕಿ ಸುಕ್ಕಾಗುತ್ತದೆ, ಪದರಗಳು ಬಿಟ್ಟುಕೊಳ್ಳುತ್ತವೆ. ವಿನೈಲ್ ಮೃದುಗೊಳಿಸುವ ದ್ರಾವಣಗಳಿಂದ ಕ್ಯಾನ್ವಾಸ್‌ಗೆ ಗುಣವಿಲ್ಲ; ಎಣ್ಣೆಯಂಶ ರಬ್ಬರ್ ಪದರಕ್ಕೆ ಕೇಡು.

ನೀರಿನ ಚಿಕಿತ್ಸೆಯನ್ನು ಮಾತ್ರ ನಾನು ಒಪ್ಪುತ್ತೇನೆ, ಅದೂ ಒಂದು ಷರತ್ತಿನ ಮೇಲೆ. ತೇವಗೊಂಡ ಎಳೆಗಳು ಜರುಗಲು ಸಿದ್ಧವಾಗಿರುತ್ತವೆ. ಆಗ ಬಿಗಿತವಿದ್ದರೆ ಬಟ್ಟೆ ಉದ್ದಕ್ಕೆ ಒಣಗುತ್ತದೆ, ಇಲ್ಲದಿದ್ದರೆ ಇನ್ನಷ್ಟು ಕುಗ್ಗುತ್ತದೆ. ಎರಡು ಫಲಿತಾಂಶಕ್ಕೂ ನೀರು ಒಂದೇ. ಆದ್ದರಿಂದ ಬಿಸಿಲಿರುವ ದಿನ ಕಿಟಕಿ ಗಾಜು ಇಳಿಸಿ, ಮುಂದಿನ ಲಾಕ್ ಹಾಕಿ, ಹಿಂದಿನ ಕಮಾನಿಗೆ ಮೆತ್ತನೆಯ ಪಟ್ಟಿ ಕಟ್ಟಿ ಹಗುರವಾಗಿ ಕೆಳಗೆಳೆದು, ಉಗುರುಬೆಚ್ಚನೆಯ ನೀರನ್ನು ಮಂಜಿನಂತೆ ಸಿಂಪಡಿಸಿ ಒಣಗಲು ಬಿಡಬೇಕು. ಸಂಜೆಗೆ ಒಂದು ಬೆರಳು ಸಿಕ್ಕರೂ ಲಾಭವೇ. ಪಟ್ಟಿಯನ್ನು ತುಸು ಬಿಗಿದು ಮರುದಿನ ಮತ್ತೆ ಮಾಡುವುದು.

ಇದಕ್ಕೂ ಮೊದಲು ತಪ್ಪು ಬಟ್ಟೆಯದೇ ಎಂದು ಖಾತ್ರಿಯಾಗಬೇಕು. ಗಾಜಿನ ಮೇಲಂಚಿಗೆ ಹೊಸ ದಪ್ಪ ಬೀಡಿಂಗ್ ಹಾಕಿಸಿದ ಮರುದಿನವೇ ‘ಹುಡ್ ಕುಗ್ಗಿದೆ’ ಎನ್ನುವವರಿದ್ದಾರೆ. ಕೀಲು ತುಕ್ಕು ಹಿಡಿದು ಚೌಕಟ್ಟು ಪೂರ್ತಿ ಬಿಚ್ಚಿಕೊಳ್ಳದಿದ್ದರೂ ಕಾಣುವುದು ಇದೇ ಅಂತರ.

ಎಳೆದು ಸಿಗದ ಕೊನೆಯ ಬೆರಳಿಗೆ ಕುಶನ್ ಕೆಲಸದವರ ದಾರಿಯಿದೆ. ಮುಂದಿನ ಕಮಾನಿಗೆ ಸುತ್ತಿ ಅಂಟಿಸಿದ ಅಂಚನ್ನು ಬಿಡಿಸಿ, ಒಳಗೆ ಮಡಿಕೆಯಾಗಿ ಉಳಿದ ಬಟ್ಟೆಯನ್ನು ಹೊರಬಿಟ್ಟು, ಹೊಸ ಸೊಲ್ಯೂಷನ್ ಹಾಕಿ ಕೂರಿಸುತ್ತಾರೆ. ಮೊದಲು ಹೊಲಿದವರು ಮಡಿಕೆ ಬಿಟ್ಟಿದ್ದರೆ ಮಾತ್ರ ಇದು ಆಗುವ ಕೆಲಸ; ಬಿಡಿಸಿದಲ್ಲಿ ರಬ್ಬರ್ ಪುಡಿಯಾಗಿ ಉದುರಿದರೆ ಆ ಬಟ್ಟೆಯ ಆಸೆ ಬಿಡಬೇಕು. ಮೂಲ ಬಟ್ಟೆಯೆಂಬ ಮೋಹಕ್ಕೆ ಸೋರುವ ಹುಡ್ ಉಳಿಸಿಕೊಂಡು ಕೆಳಗಿನ ನೆಲದ ತಗಡನ್ನು ತುಕ್ಕಿಗೆ ಕೊಡುವುದನ್ನು ನಾನು ಸಂರಕ್ಷಣೆ ಎನ್ನಲಾರೆ. ಹೊಸ ಹುಡ್ ಹಾಕಿಸಿದ ಮೇಲೂ ಮೊದಲ ಕೆಲವು ವಾರ ಅದನ್ನು ಮಡಚದೆ ಬಿಗಿದೇ ಇಡಬೇಕು, ಲೋಹದ ಚಾವಣಿ ಶೆಡ್ಡಿನಲ್ಲೇ ಇರಲಿ.